ಗಾರೆಯ ಆನೆಗಳು ನೀರಿಗೆ ಹೋದ ಕಥೆ

ಪ್ರಶ್ನೆ: ಮಡಿಕೇರಿ ಕೋಟೆಯ ಎರಡು ಆನೆಗಳು ಕಕ್ಕಡದ (ಕೊಡಗಿನ ಮಳೆಗಾಲದ ತಿಂಗಳು) ರಾತ್ರಿ ಓಂಕಾರೇಶ್ವರನ ಕೊಳಕ್ಕಿಳಿದು ನೀರು ಕುಡಿಯುತ್ತಿದ್ದವು, ಒಮ್ಮೆ ಮರಳುವಾಗ ಬೆಳಗಾಗಿ ನಿಂತಲ್ಲೇ ಗಾರೆಯಾದವು ಎಂದು ನಮ್ಮಜ್ಜ ಹೇಳುತ್ತಿದ್ದರು. ಇದನ್ನು ಮಕ್ಕಳಿಗೆ ಹೇಳಬಹುದೇ?
– ಓದುಗರೊಬ್ಬರು, ಸೋಮವಾರಪೇಟೆ

ಉತ್ತರ: ಧಾರಾಳವಾಗಿ ಹೇಳಿ, ಆದರೆ ಕಥೆಯೆಂದೇ ಹೇಳಿ. ಅರಮನೆಯ ಅಂಗಳದಲ್ಲಿ ನಿಜವಾದ ಆನೆಯಷ್ಟೇ ಎತ್ತರಕ್ಕೆ ನಿಂತಿರುವ ಆ ಗಾರೆಯ ಆನೆಗಳನ್ನೂ, ಗುಡಿಯ ಮುಂದೆ ನಡುವೆ ಮಂಟಪವಿರುವ ಕೊಳವನ್ನೂ ಕಣ್ಣಾರೆ ಕಂಡವರಿಗಲ್ಲದೆ ಇಂಥ ಕಲ್ಪನೆ ಹೊಳೆಯುವುದಿಲ್ಲ. ನಿಮ್ಮಜ್ಜನ ಕಥೆ ನನಗೆ ಬಹಳ ಹಿಡಿಸಿತು. ನನ್ನ ತಕರಾರು ಇರುವುದು ಇಂಥ ತಮಾಷೆಗೆ ಇಸವಿ, ರಾಜರ ಹೆಸರು ಅಂಟಿಸಿ ಇತಿಹಾಸವೆಂದು ಮೊಬೈಲಿನಲ್ಲಿ ಹಂಚುವವರ ಮೇಲೆ.

ಮೊದಲು ಕೊಡಗಿನ ಅರಸ ಮುದ್ದುರಾಜ ಕಟ್ಟಿಸಿದ ಮಣ್ಣಿನ ಕೋಟೆಯನ್ನು ಟಿಪ್ಪು ಕಲ್ಲಿನಲ್ಲಿ ಕಟ್ಟಿಸಿದ; 1812ರಿಂದ 1814ರವರೆಗೆ ಅರಮನೆಯ ಕೆಲಸ ಮಾಡಿಸಿದ ಕೊಡಗಿನ ಅರಸ ಲಿಂಗರಾಜೇಂದ್ರನೇ 1820ರಲ್ಲಿ ಓಂಕಾರೇಶ್ವರ ದೇಗುಲವನ್ನೂ ಕಟ್ಟಿಸಿದ. ಗುಮ್ಮಟ, ನಾಲ್ಕು ಮೂಲೆಗೆ ಮಿನಾರುಗಳಿರುವ ಆ ಶಿವಾಲಯವಂತೂ ಯಾವ ಕಟ್ಟುಕಥೆಗೂ ಕಡಿಮೆಯಿಲ್ಲ. ಮಕ್ಕಳನ್ನು ಆನೆಯ ಕಾಲಬುಡದಲ್ಲಿ ನಿಲ್ಲಿಸಿ ಕಥೆ ಹೇಳಿ, ಬಳಿಕ ಗುಡಿಗೆ ಕರೆದೊಯ್ದು ಕೊಳದ ಮೆಟ್ಟಿಲು ಆನೆ ಇಳಿಯುವಷ್ಟು ಅಗಲವಿದೆಯೇ ಎಂದು ಅವರಿಂದಲೇ ಅಳೆಸಿ.