ಹೊಸ ಲೈಟ್ ಹಾಕಿದ ಮೇಲೆ ಲೋಚ್ ಮೀನುಗಳು ಕಾಣಿಸುತ್ತಿಲ್ಲ, ಯಾಕೆ?

ಪ್ರಶ್ನೆ: ನಮ್ಮ ಮನೆಯಲ್ಲಿ ಎರಡಡಿ ಉದ್ದದ ಅಕ್ವೇರಿಯಂ ಇದೆ. ಟೆಟ್ರಾ ಅನ್ನುವ ಪುಟ್ಟ ಮೀನುಗಳ ಜೊತೆ ಮೂರು ಕುಹ್ಲಿ ಲೋಚ್ ಇವೆ. ತಳಕ್ಕೆ ಬಿಳಿ ಮರಳು ಹಾಕಿದ್ದೇವೆ. ಹೊಸ ಎಲ್‌ಇಡಿ ಹಾಕಿದಾಗಿನಿಂದ ಲೋಚ್‌ಗಳು ಹೊರಗೇ ಬರುತ್ತಿಲ್ಲ. ಲೈಟ್ ಬೆಳಿಗ್ಗೆ 7ರಿಂದ ರಾತ್ರಿ 11ರವರೆಗೆ ಇರುತ್ತದೆ, ಆಮೇಲೆ ಬೆಳಗಿನವರೆಗೂ ನೀಲಿ ಲೈಟ್. ಮೀನಿಗೆ ಕಾಯಿಲೆಯೇ?

ಉತ್ತರ: ನೀವು ಹೇಳಿದ್ದನ್ನು ನೋಡಿದರೆ ಕಾಯಿಲೆ ಅನ್ನಿಸುವುದಿಲ್ಲ. ನಿಮ್ಮ ಲೋಚ್‌ಗಳಿಗೆ ರಾತ್ರಿ ಅನ್ನುವುದೇ ಇಲ್ಲದ ಹಾಗಾಗಿದೆ, ಅಷ್ಟೇ.

ಕುಹ್ಲಿ ಲೋಚ್ ಇಂಡೊನೇಷ್ಯಾ, ಮಲೇಷ್ಯಾ ಕಡೆಯ ಮೀನು. ಕಾಡಿನೊಳಗಿನ ನಿಧಾನದ ಹಳ್ಳಗಳಲ್ಲಿ, ಜೌಗಿನಲ್ಲಿ ಇರುತ್ತದೆ. ಮೇಲೆ ಮರಗಳ ನೆರಳು, ಕೆಳಗೆ ಕೊಳೆತ ಎಲೆಗಳ ರಾಶಿ. ಎಲೆಯ ರಸ ಬಿಟ್ಟು ನೀರು ಎಷ್ಟೋ ಕಡೆ ಟೀ ಡಿಕಾಕ್ಷನ್ ಬಣ್ಣಕ್ಕೆ ತಿರುಗಿರುತ್ತದೆ. ಅಂಥ ಮೀನಿನ ನೆತ್ತಿ ಮೇಲೆ ದಿನಕ್ಕೆ 16 ಗಂಟೆ ಪ್ರಖರ ಬೆಳಕು ಬಿದ್ದರೆ ಅದು ಅಡಗದೆ ಇನ್ನೇನು ಮಾಡೀತು? ಅದಕ್ಕೆ ಕಣ್ಣು ಮುಚ್ಚಿಕೊಳ್ಳಲು ರೆಪ್ಪೆಯೂ ಇಲ್ಲ. ಸಾಲದ್ದಕ್ಕೆ ನಿಮ್ಮ ಬಿಳಿ ಮರಳು ಆ ಬೆಳಕನ್ನು ಕೆಳಗಿನಿಂದಲೂ ವಾಪಸ್ ಎರಚುತ್ತಿದೆ.

ಮೊದಲು ನೀಲಿ ಲೈಟ್ ಆರಿಸಿ. ‘ಮೂನ್‌ಲೈಟ್’ ಅಂತ ಮಾರುತ್ತಾರೆ, ನೋಡಲೂ ಚೆಂದ. ಆದರೆ ಕತ್ತಲಾದಾಗ ನಮ್ಮಂತೆಯೇ ಮೀನಿನ ಮೈಯಲ್ಲೂ ಮೆಲಟೋನಿನ್ ಅನ್ನುವ ಹಾರ್ಮೋನ್ ಏರುತ್ತದೆ, ರಾತ್ರಿಯಾಯಿತು ಅಂತ ಮೈಗೆ ಗೊತ್ತಾಗುವುದು ಅದರಿಂದ. ರಾತ್ರಿಯಿಡೀ ಬೆಳಕಿದ್ದರೆ ಅದು ಸರಿಯಾಗಿ ಏರುವುದಿಲ್ಲ. ಲೋಚ್ ಮೇಯಲು ಹೊರಡುವುದೇ ಕತ್ತಲಲ್ಲಿ, ಆ ಹೊತ್ತನ್ನು ಅದಕ್ಕೆ ಬಿಟ್ಟುಕೊಡಿ. ದೊಡ್ಡ ಲೈಟಿಗೆ ಟೈಮರ್ ಹಾಕಿ, ದಿನಕ್ಕೆ ಏಳೆಂಟು ಗಂಟೆ ಸಾಕು. ಪಾಚಿಯೂ ಕಡಿಮೆಯಾಗುತ್ತದೆ. ಬೆಳಿಗ್ಗೆ ಕತ್ತಲ ಕೋಣೆಯಲ್ಲಿ ಒಮ್ಮೆಲೇ ಟ್ಯಾಂಕ್ ಲೈಟ್ ಹಾಕಬೇಡಿ, ಮೀನುಗಳು ಬೆಚ್ಚಿಬಿದ್ದು ಗಾಜಿಗೆ ಬಡಿದುಕೊಳ್ಳುತ್ತವೆ. ಮೊದಲು ಕೋಣೆಯ ದೀಪ ಹಾಕಿ, ಸ್ವಲ್ಪ ಹೊತ್ತು ಬಿಟ್ಟು ಟ್ಯಾಂಕಿನದು ಹಾಕಿ.

ಬೆಳಕು ತಗ್ಗಿಸುವುದಕ್ಕಿಂತ ಮುಖ್ಯ ನೆರಳು ಕೊಡುವುದು. ಬಚ್ಚಿಟ್ಟುಕೊಳ್ಳುವ ಜಾಗ ಜಾಸ್ತಿ ಕೊಟ್ಟರೆ ಮೀನು ಇನ್ನೂ ಕಾಣಿಸುವುದಿಲ್ಲ ಅಂದುಕೊಳ್ಳುತ್ತೇವೆ ಅಲ್ವಾ? ಆಗುವುದು ಉಲ್ಟಾ. ಪಕ್ಕದಲ್ಲೇ ಆಸರೆಯಿದೆ ಅಂತ ಗೊತ್ತಾದರೆ ಲೋಚ್ ಹಗಲಲ್ಲೂ ಧೈರ್ಯವಾಗಿ ಓಡಾಡುತ್ತದೆ. ಅರ್ಧ ಟ್ಯಾಂಕಿಗೆ ಅಂತರಗಂಗೆ ತೇಲಿಬಿಡಿ, ಕೆಳಗಿಳಿಯುವ ಬೇರುಗಳ ನಡುವೆ ಒಳ್ಳೆ ನೆರಳಾಗುತ್ತದೆ. (ಜಾಸ್ತಿಯಾದದ್ದನ್ನು ದಯವಿಟ್ಟು ಕೆರೆಗೆ ಎಸೆಯಬೇಡಿ. ಅದು ಕೆರೆಯನ್ನೇ ಮುಚ್ಚಿಬಿಡುತ್ತದೆ.) ತಳಕ್ಕೆ ಒಣಗಿದ ಕಾಡುಬಾದಾಮಿ ಎಲೆ ನಾಲ್ಕಾರು ಹಾಕಿ. ಮರಳು ಬದಲಿಸುವುದಾದರೆ ಕಪ್ಪು ಅಥವಾ ಕಂದು ಬಣ್ಣದ್ದು, ನುಣುಪಾದದ್ದು ತನ್ನಿ. ಇನ್ನೊಂದು ಮಾತು, ಮೂರೇ ಮೀನು ಕಡಿಮೆ. ಐದಾರು ಇದ್ದರೆ ಅಂಜಿಕೆ ಬಿಡುತ್ತವೆ.

ಅವು ಚೆನ್ನಾಗಿವೆಯೋ ಇಲ್ಲವೋ ನೋಡಲು ಟಾರ್ಚಿಗೆ ಕೆಂಪು ಜಿಲೆಟಿನ್ ಕಾಗದ ಸುತ್ತಿ, ಲೈಟ್ ಆರಿಸಿ ಅರ್ಧ ಗಂಟೆಯಾದ ಮೇಲೆ ಸದ್ದಿಲ್ಲದೆ ನೋಡಿ. ಕೆಂಪು ಬೆಳಕು ಅವಕ್ಕೆ ಅಷ್ಟಾಗಿ ತೊಂದರೆ ಕೊಡುವುದಿಲ್ಲ. ಮೀಸೆಯಿಂದ ತಳ ತಡವುತ್ತಾ, ಬಾಯಿಗೆ ಮರಳು ತುಂಬಿಕೊಂಡು, ತಿನ್ನುವುದನ್ನು ಉಳಿಸಿಕೊಂಡು ಉಳಿದದ್ದನ್ನು ಕಿವಿರಿನಿಂದ ಹೊರಗೆ ಚೆಲ್ಲುತ್ತಿದ್ದರೆ ಚಿಂತೆಯಿಲ್ಲ. ನೀರಲ್ಲಿ ಮುಳುಗುವ ಪೆಲೆಟ್ಟನ್ನೂ (ಗುಳಿಗೆಯಂಥ ಮೀನಿನ ಆಹಾರ) ಆಗಲೇ ಹಾಕಿ. ಹಗಲಲ್ಲಿ ಹಾಕಿದರೆ ಟೆಟ್ರಾಗಳೇ ಮುಗಿಸಿಬಿಡುತ್ತವೆ.

ಆಗಲೂ ಮೂರು ಎಣಿಕೆಗೆ ಸಿಗದಿದ್ದರೆ ಫಿಲ್ಟರ್ ಬಿಚ್ಚಿ ನೋಡಿ. ಲೋಚ್ ಸಣ್ಣ ಸಂದಿಯಲ್ಲೂ ನುಸುಳಿ ಒಳಗೆ ಸೇರಿಕೊಳ್ಳುತ್ತದೆ. ನೀರೆಳೆಯುವ ಬಾಯಿಗೆ ಇವತ್ತೇ ಒಂದು ಸ್ಪಂಜ್ ಹಾಕಿಬಿಡಿ.