ಬೆಂಗಳೂರಿನ ವಾರ್ಡ್‌ವಾರು ಇಂಗಾಲದ ನಕ್ಷೆಗೆ ಉಪಗ್ರಹ ದತ್ತಾಂಶ ಸಾಕಾ, ಕಂಪ್ಯೂಟರ್ ಮಾಡೆಲ್ ಬೇಕಾ?

ಉಪಗ್ರಹ ದತ್ತಾಂಶದಿಂದಲೇ ನಕ್ಷೆ ಮಾಡಿಬಿಡಬಹುದಾ ಅಂತ ಕೇಳಿದ್ದೀರಿ, ನಾನೂ ಹೀಗೇ ಶುರುಮಾಡಿದ್ದೆ. 2021, ಎಂಎಸ್ಸಿ ಕೊನೇ ವರ್ಷದ ಪ್ರಾಜೆಕ್ಟು, ವಿಜಯನಗರದಲ್ಲಿ ಬಾಡಿಗೆ ರೂಮು. ಕೋಡ್‌ನ ಒಂದೇ ಒಂದು ಸಾಲಿನಿಂದ ನಾಲ್ಕು ತಿಂಗಳು ಮಣ್ಣುಪಾಲಾಯಿತು.

ಮೊದಲು ಟ್ರೊಪೊಮಿ ಅನ್ನೋ ಉಪಗ್ರಹ ಉಪಕರಣದ ಮೀಥೇನ್ ಅಳತೆಗಳಲ್ಲಿ ಕೈ ಪಳಗಿಸಿಕೊಂಡಿದ್ದೆ. ಅಲ್ಲಿ ಪ್ರತಿ ಅಳತೆಗೂ 0ಯಿಂದ 1ರವರೆಗೆ ಗುಣಮಟ್ಟದ ಅಂಕ ಇರುತ್ತೆ. 1 ಅಂದ್ರೆ ಉತ್ತಮ, 0.5ಕ್ಕಿಂತ ಮೇಲಿನದ್ದನ್ನು ಇಟ್ಟುಕೊಳ್ಳಬೇಕು. ಆಮೇಲೆ ಕಾರ್ಬನ್ ಡೈಆಕ್ಸೈಡ್‌ಗೆ ಅಂತ ನಾಸಾದ ಓಸಿಓ-2 ಉಪಗ್ರಹದ ಫೈಲ್ ತೆರೆದೆ. ಅಲ್ಲೂ ಕ್ವಾಲಿಟಿ ಫ್ಲ್ಯಾಗ್ (ಗುಣಮಟ್ಟದ ಗುರುತು) ಇತ್ತು, 0 ಅಥವಾ 1. ಅಭ್ಯಾಸಬಲದಿಂದ 1 ಇದ್ದದ್ದನ್ನೇ ಇಟ್ಟುಕೊಂಡೆ. ಆದರೆ ಓಸಿಓ-2ರಲ್ಲಿ 0 ಅಂದ್ರೆ ಒಳ್ಳೇದು, 1 ಅಂದ್ರೆ ಬಿಸಾಡಬೇಕಾದ್ದು. ಕಾಳನ್ನೆಲ್ಲ ತೂರಿಬಿಟ್ಟು ಹೊಟ್ಟನ್ನು ಚೀಲಕ್ಕೆ ತುಂಬಿದ್ದೆ.

ಅದು ಯಾಕೆ ಹೊಟ್ಟು ಅಂದ್ರೆ, ಈ ಉಪಗ್ರಹ ನೋಡೋದು ನೆಲಕ್ಕೆ ಬಡಿದು ವಾಪಸ್ ಹೋಗುವ ಬಿಸಿಲನ್ನು. ಆ ಬೆಳಕಿನಲ್ಲಿ ಆಮ್ಲಜನಕ ಎಷ್ಟು ಹೀರಿತು, ಕಾರ್ಬನ್ ಡೈಆಕ್ಸೈಡ್ ಎಷ್ಟು ಹೀರಿತು ಅಂತ ಹೋಲಿಸಿ, ನೆಲದಿಂದ ವಾತಾವರಣದ ತುದಿವರೆಗಿನ ಕಾರ್ಬನ್ ಡೈಆಕ್ಸೈಡ್ ಪ್ರಮಾಣದ ಸರಾಸರಿ ಕೊಡುತ್ತೆ. ನಡುವೆ ತೆಳುಮೋಡ ಬಂದರೆ ಬೆಳಕು ನಡೆದ ದಾರಿಯ ಲೆಕ್ಕವೇ ತಪ್ಪುತ್ತೆ. ಗುಡ್ಡದ ಇಳಿಜಾರಿನಲ್ಲಿ ನೋಟ ಚೂರು ಸರಿದರೂ ನೆಲದ ಗಾಳಿಯೊತ್ತಡ ತಪ್ಪುತ್ತೆ. ಗಾಳಿಯಲ್ಲಿ ಮೊದಲೇ ಇದ್ದ ಸುಮಾರು 415 ಪಿಪಿಎಂ (ಹತ್ತು ಲಕ್ಷದಲ್ಲಿ 415 ಭಾಗ) ಮೇಲೆ ದೊಡ್ಡ ನಗರವೊಂದು ಸೇರಿಸುವುದೇ ಸಾಮಾನ್ಯವಾಗಿ ಒಂದೆರಡು ಪಿಪಿಎಂ. ಅಷ್ಟು ಸಣ್ಣ ಏರಿಕೆ ಹುಡುಕುವವನು ಇಂಥ ಅಳತೆಗಳನ್ನು ಮುಟ್ಟಲೇಬಾರದು.

ನನ್ನ ನಕ್ಷೆಯಲ್ಲಿ ರಾಮನಗರದ ಕಡೆ ದಟ್ಟ ಕೆಂಪು ಗೆರೆ ಬಂದಿತ್ತು. ಪ್ರಾಜೆಕ್ಟಿನ ಗೈಡ್ ಆಗಿದ್ದ ಮೇಡಂ ಪರದೆ ಮೇಲೆ ಬೆರಳಿಟ್ಟು, "ಇಲ್ಲೇನಪ್ಪ ಉರೀತಿದೆ?" ಅಂದರು. "ಏನಿಲ್ಲ ಮೇಡಂ, ಬರೀ ಬಂಡೆಗುಡ್ಡ" ಅಂದೆ. ಅವರು ಮಾತಾಡದೆ ಯೂಸರ್ ಗೈಡ್ ತೆರೆದು, ಫ್ಲ್ಯಾಗ್ ವಿವರಿಸಿದ ಸಾಲನ್ನು ನನ್ನಿಂದಲೇ ಓದಿಸಿದರು. ಗಂಟಲು ಕಟ್ಟಿಬಿಟ್ಟಿತು.

ಈಗ ನಿಮ್ಮ ಪ್ರಶ್ನೆ. ವಾರ್ಡ್‌ವಾರು ಅನ್ನೋದನ್ನು ಇವತ್ತೇ ಬಿಟ್ಟುಬಿಡಿ. 198 ವಾರ್ಡ್‌ಗಳಿದ್ದ ಕಾಲದ ಲೆಕ್ಕದಲ್ಲೇ ಒಂದು ವಾರ್ಡ್ ಸರಾಸರಿ 4 ಚದರ ಕಿ.ಮೀ.ಗಿಂತ ಕಡಿಮೆ. ಟ್ರೊಪೊಮಿಯ ಮೀಥೇನ್ ಪಿಕ್ಸೆಲ್ ಸುಮಾರು 5.5×7 ಕಿ.ಮೀ., ಹತ್ತು ವಾರ್ಡ್ ಒಂದೇ ಚೌಕದಲ್ಲಿ ಕೂರುತ್ತವೆ. ಓಸಿಓ-2ರ ಚೌಕ ಚಿಕ್ಕದು ನಿಜ, ಆದರೆ ಅದು ನೋಡೋದು 10 ಕಿ.ಮೀ. ಅಗಲದ ಪಟ್ಟಿಯನ್ನಷ್ಟೇ, ಅದೇ ಪಟ್ಟಿಗೆ ಮರಳೋದು 16 ದಿನಕ್ಕೊಮ್ಮೆ.

ಉಪಗ್ರಹವಾ ಮಾಡೆಲ್ಲಾ ಅನ್ನೋ ಪ್ರಶ್ನೆಯೂ ಸರಿಯಿಲ್ಲ. ಉಪಗ್ರಹ ಹೇಳೋದು ಗಾಳಿಯಲ್ಲಿ ಎಷ್ಟಿದೆ ಅಂತ. ಯಾರು ಬಿಟ್ಟರು ಅಂತ ತಿಳಿಯೋಕೆ ಗಾಳಿ ಬಂದ ದಾರಿಯನ್ನು ಹಿಂದಕ್ಕೆ ಹಿಡಿದು ಹೋಗಬೇಕು, ಅದಕ್ಕೇ ಮಾಡೆಲ್, ಅಂದ್ರೆ ಗಾಳಿಯ ಚಲನೆಯನ್ನು ಕಂಪ್ಯೂಟರ್‌ನಲ್ಲಿ ಲೆಕ್ಕ ಹಾಕೋದು. ಇಡೀ ನಗರವನ್ನು ಒಂದೇ ಘಟಕ ಅಂತ ತಗೊಳ್ಳಿ. ಗಾಳಿ ಬರುವ ಕಡೆಯ ಹಳ್ಳಿಗಾಡಿಗೂ ನಗರ ದಾಟಿದ ಕಡೆಗೂ ಇರುವ ವ್ಯತ್ಯಾಸ ನೋಡಿ, ಇಆರ್‌ಎ5 (ಯುರೋಪಿನ ಹವಾಮಾನ ಕೇಂದ್ರದ ದತ್ತಾಂಶ ಸಂಗ್ರಹ) ಗಾಳಿ ದತ್ತಾಂಶ ಜೋಡಿಸಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೋಡ ಬಿಡಲ್ಲ, ಆದ್ದರಿಂದ ಡಿಸೆಂಬರ್‌ನಿಂದ ಮಾರ್ಚ್‌ವರೆಗಿನ ದಿನಗಳನ್ನೇ ಆರಿಸಿಕೊಳ್ಳಿ. ಫ್ಲ್ಯಾಗ್ 0 ಇರೋದನ್ನು.