ಕರೆದುಕೊಂಡು ಬಂದದ್ದು ಮಗನನ್ನು

(ಮನೆಯವರ ಒಪ್ಪಿಗೆ ಇದೆ. ಗುರುತು ಸಿಗುವ ವಿವರಗಳನ್ನು ಬದಲಿಸಿದ್ದೇನೆ.)

"ಇವನಿಗೆ ಮಂಡೆ ಸರಿ ಇಲ್ಲವೋ ಅಂತ ಸಂಶಯ ಮಾರಾಯ್ರೇ" ಎಂದೇ ನನ್ನ ಹತ್ತಿರ ಆಪ್ತಸಮಾಲೋಚನೆಗೆ ಬಂದ ಅಪ್ಪ ಮಾತು ಶುರು ಮಾಡಿದರು. ಉಡುಪಿಯವರು, ಬ್ಯಾಂಕಿನಿಂದ ನಿವೃತ್ತರು. ಪಕ್ಕದಲ್ಲಿ 26ರ ಮಗ. ಬೆಳಕು ಹರಿಯುವ ಮೊದಲೇ ಬೈಕ್ ಹತ್ತಿ ಪಡುಕೆರೆಗೆ ಹೋಗುತ್ತಾನೆ. ಕಡಲ ಹಕ್ಕಿ ಎಣಿಸಿ ನೋಟ್‌ಬುಕ್ಕಿನಲ್ಲಿ ಬರೆಯುತ್ತಾನೆ. ಮದುವೆಗೆ ಹೋದರೆ ಊಟ ಮುಗಿಸಿ ಸೀದಾ ಮನೆಗೆ. ಹೆಣ್ಣು ನೋಡೋಣ ಅಂದರೆ ಈಗ ಬೇಡ ಅನ್ನುತ್ತಾನೆ. ನೆಂಟರೊಬ್ಬರು "ಮರ್ಲ್" (ತುಳುವಿನಲ್ಲಿ ಹುಚ್ಚು) ಅಂದದ್ದು ಅಪ್ಪನ ನಿದ್ದೆ ಕೆಡಿಸಿತ್ತು.

ಮಗನ ಜೊತೆ ಬೇರೆಯಾಗಿ ಮಾತಾಡಿದೆ. ಊಟ, ನಿದ್ದೆ, ಕೆಲಸ ಎಲ್ಲ ಸರಿ. ಗೆಳೆಯರು ಇಬ್ಬರೇ, ಆದರೆ ಗಟ್ಟಿ. ಹಕ್ಕಿಯ ವಿಷಯ ಬಂದಾಗ ಮಾತ್ರ ನಿಲ್ಲಿಸುವುದು ಕಷ್ಟವಾಯಿತು. ನನಗೂ ಅರ್ಧ ಗಂಟೆ ಹೋದದ್ದು ಗೊತ್ತಾಗಲಿಲ್ಲ.

ಅಪ್ಪನಿಗೆ ಹೇಳಿದೆ: ನೂರರಲ್ಲಿ ಒಬ್ಬ ಮಾಡುವುದು ಅಪರೂಪ ಇರಬಹುದು, ಅಷ್ಟಕ್ಕೇ ಕಾಯಿಲೆ ಆಗುವುದಿಲ್ಲ. ಹಾಗಾದರೆ ಬುದ್ಧಿ ತುಂಬಾ ಜಾಸ್ತಿ ಇರುವವರೂ ರೋಗಿಗಳಾಗಬೇಕು, ಅಲ್ವಾ? ಊರ ರೂಢಿಯನ್ನೂ ಪೂರ್ತಿ ನಂಬುವಂತಿಲ್ಲ. ಭೂತಕೋಲದಲ್ಲಿ ಮೈಮೇಲೆ ದರ್ಶನ ಬಂದು ನಡುಗುವವರಿಗೆ ಕೈ ಮುಗಿಯುತ್ತೇವೆ. ಅದೇ ನಡುಕ ಸಿಟಿ ಬಸ್ಸಿನಲ್ಲಿ ಬಂದರೆ ಆಸ್ಪತ್ರೆಗೆ ಓಡುತ್ತೇವೆ. ಸಲಿಂಗ ಪ್ರೀತಿಯನ್ನು ಅಮೆರಿಕದ ಮನೋವೈದ್ಯರು ಕಾಯಿಲೆಗಳ ಪಟ್ಟಿಯಿಂದ ತೆಗೆದದ್ದು 1973ರಲ್ಲಿ. ಸಮಾಜದ ರೀತಿನೀತಿಗೆ ಹೊಂದುವುದಿಲ್ಲ ಎಂಬ ಕಾರಣಕ್ಕೆ ಯಾರನ್ನೂ ಮಾನಸಿಕ ರೋಗಿ ಎನ್ನುವಂತಿಲ್ಲ ಎಂದು ನಮ್ಮ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯೇ ಹೇಳುತ್ತದೆ. ನಾವು ಮುಖ್ಯವಾಗಿ ಕೇಳುವುದು ಇಷ್ಟು: ಅವರಿಗೆ ಸಂಕಟ ಆಗ್ತಿದೆಯಾ? ದಿನದ ಬದುಕು ಕೆಡ್ತಿದೆಯಾ? ಅವರಿಗೋ ಬೇರೆಯವರಿಗೋ ಅಪಾಯ ಇದೆಯಾ? ಒಂದೇ ಉತ್ತರ ಹಿಡಿದು ತೀರ್ಮಾನಕ್ಕೆ ಬರುವುದಿಲ್ಲ. ಮನೆಯಲ್ಲಿ ಸಾವಾದವರಿಗೂ ಸಂಕಟ ಇರುತ್ತದಲ್ಲ.

ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ಮನೆಯಲ್ಲಿ ಹೆಂಡತಿಯದ್ದು ಮಡಿ ಸ್ವಲ್ಪ ಜಾಸ್ತಿ" ಎಂದರು.

ಸ್ವಲ್ಪ ಅಲ್ಲ. ಸ್ನಾನಕ್ಕೆ ಎರಡು ಗಂಟೆ. ನಲ್ಲಿ ಗಂಡನೇ ತಿರುಗಿಸಬೇಕು. ತೊಳೆದು ತೊಳೆದು ಅಂಗೈ ಒಡೆದು ರಕ್ತ ಬರುತ್ತದೆ. ಯಾರಾದರೂ ತಾಗಿಯಾರು ಎಂದು ಎರಡು ವರ್ಷದಿಂದ ಕೃಷ್ಣ ಮಠಕ್ಕೂ ಹೋಗಿಲ್ಲ. ನೆಂಟರು ಮಾತ್ರ ಎಂಥಾ ಆಚಾರವಂತೆ ಎಂದು ಹೊಗಳುತ್ತಾರೆ. ನನಗೆ ಸಿಟ್ಟು ಬಂದದ್ದು ಅಲ್ಲಿ.

ಮುಂದಿನ ವಾರ ಆ ತಾಯಿ ಬಂದು ಕುರ್ಚಿಯ ತುದಿಯಲ್ಲಿ ಕೂತರು. ಮಡಿ ಸರಿಯೋ ತಪ್ಪೋ ಎಂಬ ಚರ್ಚೆಗೆ ನಾನು ಹೋಗಲಿಲ್ಲ. "ನಿಮ್ಮ ಅತ್ತೆಯವರೂ ಮಡಿ ಮಾಡ್ತಿದ್ರಲ್ವಾ ಅಮ್ಮಾ?" ಎಂದೆ.

"ಹೌದು. ಆದರೆ ನೈವೇದ್ಯ, ಊಟ ಆದ ಮೇಲೆ ಅವರು ಜಗಲಿಯಲ್ಲಿ ಎಲೆ ಅಡಿಕೆ ಹಾಕಿ ಹರಟೆಗೆ ಕೂರ್ತಿದ್ರು." ಸೆರಗಿನಿಂದ ಕಣ್ಣು ಒರೆಸಿಕೊಂಡರು. "ನನಗದು ಮುಗಿಯುವುದೇ ಇಲ್ಲ."

ಗೀಳು ಕಾಯಿಲೆ ಇರಬಹುದು ಅನ್ನಿಸಿತು. ಬೇಡವೆಂದರೂ ಬರುವ ಯೋಚನೆ, ಅದನ್ನು ತಣಿಸಲು ಮಾಡುವ ಕೆಲಸ, ಇವೆರಡೂ ದಿನಕ್ಕೆ ಒಂದು ಗಂಟೆಗಿಂತ ಜಾಸ್ತಿ ತಿಂದರೆ ಅದೊಂದು ಗುರುತು. ಮನೋವೈದ್ಯರ ಬಳಿ ಕಳಿಸಿದೆ. ಅವರು ನೋಡಿ ಹೌದೆಂದರು, ಮಾತ್ರೆ ಕೊಟ್ಟರು. ಗುಣ ಕಾಣಲು ಕೆಲವು ವಾರ ಬೇಕು, ನಡುವೆ ಬಿಡಬೇಡಿ ಎಂದು ನಾನೂ ಹೇಳಿದೆ.

ನನ್ನ ಹತ್ತಿರ ನಡೆದದ್ದು ಅಭ್ಯಾಸ. ಕಡಿಮೆ ಹೆದರಿಕೆಯದ್ದನ್ನು ಅವರೇ ಆರಿಸಿದರು: ಬಾಗಿಲ ಚಿಲಕ ಮುಟ್ಟಿ ಹತ್ತು ನಿಮಿಷ ಕೈ ತೊಳೆಯದೆ ಕೂರುವುದು. ಮೊದಲ ದಿನ ನಾಲ್ಕೇ ನಿಮಿಷ. ಬೆವತು ಹೋದರು. ಬೈಯಲಿಲ್ಲ, ನಾಳೆ ಐದು ಮಾಡೋಣ ಎಂದೆ.

ಕಷ್ಟವಾದದ್ದು ಗಂಡನಿಗೆ. ನಲ್ಲಿ ತಿರುಗಿಸುವುದನ್ನೂ "ಏನೂ ತಾಗಿಲ್ಲ" ಎಂದು ಸಾರಿ ಸಾರಿ ಧೈರ್ಯ ಹೇಳುವುದನ್ನೂ, ಹೆಂಡತಿಗೆ ಮೊದಲೇ ತಿಳಿಸಿ, ಮೆಲ್ಲಗೆ ಕಡಿಮೆ ಮಾಡಿ ಎಂದೆ. "ಸಹಾಯ ಮಾಡಿದ್ದೇ ತಪ್ಪಾ?" ಎಂದು ಕೇಳಿದರು. ತಪ್ಪಲ್ಲ, ಆದರೆ ಆ ಸಹಾಯ ಕಾಯಿಲೆಗೆ ಹೋಗುತ್ತಿತ್ತು.

ಮಗನಿಗೆ ವಿಶೇಷ ಸಲಹೆ ಏನಿಲ್ಲ. ಬೆಳಿಗ್ಗೆ ಹೋಗುವಾಗ ಹೇಳಿ ಹೋಗಪ್ಪಾ ಎಂದೆ.

ಈಗ ಐದನೇ ತಿಂಗಳು. ಸ್ನಾನ ನಲವತ್ತು ನಿಮಿಷಕ್ಕೆ ಇಳಿದಿದೆ. ಮಠದ ಒಳಗೆ ಇನ್ನೂ ಹೋಗಿಲ್ಲ. ಕಳೆದ ವಾರ ಮಗನ ಬೈಕಿನ ಹಿಂದೆ ಕೂತು ರಥಬೀದಿಯ ತುದಿವರೆಗೆ ಹೋಗಿ ಬಂದರಂತೆ.